ಬೆರ್ರಿ ಬೋರರ್ ಟ್ರ್ಯಾಪ್: ಕೊಳ್ಳುವ ಮೊದಲು ಹುಳದ ಸಂಸಾರ ತಿಳಿದುಕೊಳ್ಳಿ

ಕಾಫಿ ತೋಟ ಇರುವವರಿಗೆಲ್ಲ ಈ ಕೆಂಪು ಟ್ರ್ಯಾಪ್ ಗೊತ್ತಿರುತ್ತದೆ. ಮೇಲೆ ಕೆಂಪು ಪ್ಲಾಸ್ಟಿಕ್ ಆಲಿಕೆ, ನಡುವೆ ತೂಗುವ ಸಣ್ಣ ಔಷಧಿ ಬಾಟಲಿ, ಕೆಳಗೆ ಸೋಪಿನ ನೀರು ಹಾಕುವ ಡಬ್ಬಿ. ಬ್ರೋಕಾ ಟ್ರ್ಯಾಪ್ ಅಂತಾರೆ. ಕಾಯಿ ಕೊರಕ, ಅಂದ್ರೆ ಬೆರ್ರಿ ಬೋರರ್ ಹಿಡಿಯುವುದಕ್ಕೆ ಇದನ್ನು ಗಿಡಕ್ಕೆ ಕಟ್ಟುತ್ತಾರೆ.

ನಮ್ಮದು ಮೂಡಿಗೆರೆ ತಾಲ್ಲೂಕು, ಜನ್ನಾಪುರದ ಕಡೆ. ಕಾಫಿಯಲ್ಲಿ ಎರಡು ಜಾತಿ ಇದೆ ನಮ್ಮಲ್ಲಿ, ಏರಿನ ಮೇಲೆ ಅರೇಬಿಕಾ, ಹಳ್ಳದ ಕಡೆ ರೊಬಸ್ಟಾ. ಮಾವನವರಿಗೆ ಮಂಡಿ ನೋವು ಶುರುವಾದ ಮೇಲೆ ಔಷಧಿ, ಗೊಬ್ಬರ, ಆಳಿನ ಲೆಕ್ಕ ಎಲ್ಲಾ ನಾನೇ ನೋಡುತ್ತಿದ್ದೇನೆ. ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದ್ದು ಈಗ ಉಪಯೋಗಕ್ಕೆ ಬರುತ್ತಿದೆ. ಈ ಟ್ರ್ಯಾಪನ್ನು ಅರೇಬಿಕಾದಲ್ಲೂ ಕಟ್ಟಿದ್ದೇನೆ, ರೊಬಸ್ಟಾದಲ್ಲೂ ಕಟ್ಟಿದ್ದೇನೆ. ಕೊಯ್ಲಿಗೆ ಮುಂಚೆ ಕಟ್ಟಿ ನೋಡಿದ್ದೇನೆ, ಕೊಯ್ಲು ಮುಗಿದ ಮೇಲೂ ಕಟ್ಟಿ ನೋಡಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಟ್ರ್ಯಾಪ್ ಒಳ್ಳೆಯದು. ತಗೊಳ್ಳಿ. ಆದರೆ ಮಾರುವವರು ಹೇಳುವ ಕೆಲಸವನ್ನು ಅದು ಮಾಡುವುದಿಲ್ಲ, ಬೇರೆ ಕೆಲಸ ಮಾಡುತ್ತದೆ. ಅದು ಯಾವ ಕೆಲಸ ಅಂತ ಗೊತ್ತಾಗಬೇಕಾದರೆ ಈ ಹುಳ ಹೇಗೆ ಸಂಸಾರ ಮಾಡುತ್ತದೆ ಅಂತ ತಿಳಿಯಬೇಕು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಚಿಕ್ಕಮಗಳೂರು ಪೇಟೆಯ ಅಂಗಡಿಯಲ್ಲಿ ಇದನ್ನು ಕೊಟ್ಟ ಹುಡುಗ ಹೇಳಿದ್ದು ಹೀಗೆ: "ಮೇಡಂ, ಇದರಲ್ಲಿ ಫೆರೋಮೋನ್ ಇದೆ. ಗಂಡು ಹುಳ ಎಲ್ಲಾ ವಾಸನೆಗೆ ಬಂದು ಬೀಳ್ತವೆ. ಗಂಡೇ ಇಲ್ಲ ಅಂದ್ಮೇಲೆ ಮರಿ ಎಲ್ಲಿಂದ ಆಗ್ಬೇಕು ಹೇಳಿ?" ಫೆರೋಮೋನ್ ಅಂದರೆ ಜೊತೆಯನ್ನು ಕರೆಯಲು ಹುಳ ಬಿಡುವ ವಾಸನೆ. ಡಬ್ಬಿಯೊಳಗಿನ ಚೀಟಿಯಲ್ಲೂ ಇದೇ ಅರ್ಥದ ಮಾತು ಅಚ್ಚಾಗಿತ್ತು. ಅಂಗಡಿಯ ಹೆಸರು ಬೇಡ. ಆ ಹುಡುಗನಿಗೆ ಯಾರೋ ಹೇಳಿಕೊಟ್ಟಿದ್ದನ್ನು ಅವನು ಹೇಳಿದ. ಆದರೆ ಆ ಮಾತು ನಂಬಿ ಟ್ರ್ಯಾಪ್ ಕಟ್ಟಿ ಸುಮ್ನೆ ಕೂತವರಿಗೆ ಕೊಯ್ಲಲ್ಲಿ ನಷ್ಟ ಆಗುತ್ತದೆ. ಅದಕ್ಕೆ ನನಗೆ ಸಿಟ್ಟು.

ನಿಜ ಏನೆಂದರೆ, ಬೆರ್ರಿ ಬೋರರ್‌ನ ಗಂಡು ಹಾರುವುದೇ ಇಲ್ಲ. ಅದಕ್ಕೆ ಹಾರಲು ಆಗುವಂಥ ರೆಕ್ಕೆ ಇಲ್ಲ. ಹುಟ್ಟಿದ ಕಾಯಿಯೊಳಗೇ ಬದುಕಿ ಅಲ್ಲೇ ಸಾಯುತ್ತದೆ. ಗಿಡದಿಂದ ಗಿಡಕ್ಕೆ ಹಾರಿ ಬಂದು ಟ್ರ್ಯಾಪಿಗೆ ಬೀಳುವುದೆಲ್ಲ ಹೆಣ್ಣು. ಅದೂ ಈಗಾಗಲೇ ಕೂಡಿ, ಮೊಟ್ಟೆ ಇಡಲು ತಯಾರಾಗಿ ಹೊರಟ ಹೆಣ್ಣು. ಯಾರ ಜೊತೆ ಕೂಡಿದ್ದು? ಸಾಮಾನ್ಯವಾಗಿ ತನ್ನ ಒಡಹುಟ್ಟಿದ ಗಂಡಿನ ಜೊತೆಗೇ.

ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಬೋರರ್ ಹೊಡೆದ ಕಾಯಿ ಒಂದನ್ನು ಕಿತ್ತುಕೊಳ್ಳಿ. ಗುರುತು ಸುಲಭ. ಕಾಯಿಯ ತುದಿಯಲ್ಲಿ ಹೊಕ್ಕಳಿನ ಹಾಗೆ ವೃತ್ತ ಇರುತ್ತದಲ್ಲ, ಅಲ್ಲೇ ಗುಂಡುಸೂಜಿ ಚುಚ್ಚಿದಷ್ಟು ತೂತು. ಬಿಳಿ ತಟ್ಟೆಯ ಮೇಲಿಟ್ಟು ಬ್ಲೇಡಿನಿಂದ ನಿಧಾನವಾಗಿ ಸೀಳಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಮಕ್ಕಳ ಶಾಲೆ ಕಿಟ್ಟಿನಲ್ಲಿ ಬರುವಂಥದ್ದೇ ಸಾಕು.

ನಾನು ರೊಬಸ್ಟಾ ಕಾಯಿ ಸೀಳಿದಾಗ ಕಂಡಿದ್ದು ಇದು. ತೂತಿನ ಬಾಯಿಗೆ ಹಿಂಭಾಗ ಕೊಟ್ಟು ಒಂದು ಕರಿ ಹುಳ ಕೂತಿತ್ತು. ತಾಯಿ. ದಾರಿಯನ್ನು ತನ್ನ ಮೈಯಿಂದಲೇ ಮುಚ್ಚಿತ್ತು. ಗಾತ್ರ ಒಂದು ರಾಗಿ ಕಾಳಿನಷ್ಟು, ಅಷ್ಟೇ. ಅದರ ಹಿಂದೆ ಬೀಜದೊಳಗೆ ಸಣ್ಣ ಸಣ್ಣ ಓಣಿ. ಓಣಿ ತುಂಬ ಬಿಳಿ ಮೊಟ್ಟೆ, ಕಂದು ತಲೆಯ ಬಿಳಿ ಮರಿಹುಳ, ಇನ್ನೂ ಬಣ್ಣ ಬರದ ಕೋಶ. ಆಗಷ್ಟೇ ಹುಳವಾದ ಮಕ್ಕಳು ತಿಳಿ ಕಂದು ಬಣ್ಣದಲ್ಲಿದ್ದವು. ಅವುಗಳ ನಡುವೆ ಎಲ್ಲಕ್ಕಿಂತ ಕುಳ್ಳಗೆ ಒಂದು ಓಡಾಡುತ್ತಿತ್ತು. ಅದೇ ಗಂಡು. ಇಡೀ ಕಾಯಲ್ಲಿ ಅದೊಂದೇ ನನಗೆ ಕಂಡಿದ್ದು. ಹೆಣ್ಣಿನ ಮೈಯನ್ನು ಮುಟ್ಟುತ್ತಾ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಅದರ ಬಾಳಿನ ಕೆಲಸ ಅದೊಂದೇ.

ಮಾವನವರಿಗೂ ತೋರಿಸಿದೆ. ಕನ್ನಡಕ ಏರಿಸಿಕೊಂಡು ತುಂಬಾ ಹೊತ್ತು ನೋಡಿದರು. "ಇಷ್ಟು ವರ್ಷ ಕಾಯಿ ನೋಡಿದೀವಿ, ಒಳಗೆ ಇಷ್ಟು ದೊಡ್ಡ ಮನೆ ಇದೆ ಅಂತ ಗೊತ್ತಿರ್ಲಿಲ್ಲಮ್ಮ" ಅಂದರು. ಆಮೇಲೆ ಕೇಳಿದರು, "ಅಣ್ಣ ತಂಗಿ ಕೂಡಿದ್ರೆ ವಂಶ ಕೆಡಲ್ವಾ?"

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಹತ್ತಿರದ ಸಂಬಂಧದಲ್ಲಿ ಮದುವೆ ಬೇಡ ಅಂತ ಡಾಕ್ಟರು ಹೇಳುತ್ತಾರಲ್ವಾ? ಕಾರಣ ಇಷ್ಟೆ. ನಮ್ಮ ಒಂದೊಂದು ಗುಣಕ್ಕೂ ವಂಶವಾಹಿಯ (ಜೀನ್) ಎರಡು ಪ್ರತಿ ಇರುತ್ತದೆ, ಒಂದು ಅಮ್ಮನದು, ಒಂದು ಅಪ್ಪನದು. ಒಂದು ಕೆಟ್ಟಿದ್ದರೂ ಇನ್ನೊಂದು ಅದನ್ನು ಮುಚ್ಚಿಕೊಂಡು ಹೋಗುತ್ತದೆ. ಸಂಬಂಧಿಕರೇ ಮದುವೆಯಾದರೆ ಎರಡೂ ಕಡೆಯಿಂದ ಅದೇ ಕೆಟ್ಟ ಪ್ರತಿ ಮಗುವಿಗೆ ಬರುವ ಸಾಧ್ಯತೆ ಜಾಸ್ತಿ. ಆಗ ಮುಚ್ಚುವುದಕ್ಕೆ ಏನೂ ಉಳಿಯುವುದಿಲ್ಲ.

ಜೇನಿನಲ್ಲಿ ಇದೇ ತೊಂದರೆ ಇನ್ನೂ ಜೋರು. ನಮ್ಮ ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇವೆ. ರೊಬಸ್ಟಾಗೆ ಪರಕೀಯ ಪರಾಗ ಬೇಕೇ ಬೇಕು. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದು ತೋಟ ಬೆಳ್ಳಗಾದ ಆ ಕೆಲವು ದಿನ ಜೇನು ಇದ್ದರೆ ಒಳ್ಳೆಯದು. ಜೇನಿನಲ್ಲಿ ಗಂಡೋ ಹೆಣ್ಣೋ ಅನ್ನುವುದನ್ನು ತೀರ್ಮಾನ ಮಾಡುವ ಒಂದು ವಂಶವಾಹಿ ಇದೆ. ಅದರ ಎರಡು ಪ್ರತಿ ಬೇರೆ ಬೇರೆ ಇದ್ದರೆ ಹೆಣ್ಣು. ಎರಡೂ ಒಂದೇ ಆದರೆ ಕೆಲಸಕ್ಕೆ ಬಾರದ ಗಂಡು. ರಾಣಿ ತನ್ನ ಅಣ್ಣ ತಮ್ಮಂದಿರ ಜೊತೆಯೇ ಕೂಡಿದರೆ, ಆ ಕೂಡಿಕೆಯಿಂದ ಫಲವಾದ ಮೊಟ್ಟೆಗಳಲ್ಲಿ ಸರಾಸರಿ ಕಾಲು ಭಾಗದಷ್ಟು ಹೀಗಾಗುತ್ತವೆ. ಕೆಲಸಗಾರ ಜೇನುಗಳು ಅಂಥ ಮರಿಗಳನ್ನು ಮೊದಲಲ್ಲೇ ತಿಂದುಹಾಕುತ್ತವೆ. ಎರಿಯಲ್ಲಿ ಮುಚ್ಚಿದ ಕೋಣೆಗಳ ನಡುವೆ ಅಲ್ಲಲ್ಲಿ ಖಾಲಿ ಕೋಣೆ ಕಂಡರೆ ಇದೂ ಒಂದು ಕಾರಣ ಇರಬಹುದು. ಅದಕ್ಕೇ ರಾಣಿ ಗೂಡು ಬಿಟ್ಟು ದೂರ ಹಾರುತ್ತದೆ. ಆಕಾಶದಲ್ಲಿ ಬೇರೆ ಬೇರೆ ಗೂಡುಗಳ ಗಂಡುಗಳು ಸೇರುವ ಜಾಗಕ್ಕೆ ಹೋಗಿ ಹತ್ತಕ್ಕೂ ಹೆಚ್ಚು ಗಂಡುಗಳ ಜೊತೆ ಕೂಡಿ ಬರುತ್ತದೆ. ಕೂಡಿದ ಗಂಡು ಅಲ್ಲೇ ಸಾಯುತ್ತದೆ.

ಬೆರ್ರಿ ಬೋರರ್ ಹಿಡಿದಿರುವುದು ಇದಕ್ಕೆ ಪೂರ್ತಿ ಉಲ್ಟಾ ದಾರಿ. ಅದಕ್ಕೆ ಕೇಡು ಯಾಕೆ ಆಗುವುದಿಲ್ಲ ಅಂದರೆ, ಅದರ ಗಂಡಿನ ಮೈಯಲ್ಲಿ ಅಪ್ಪನ ಕಡೆಯ ವಂಶವಾಹಿಗಳು ಇದ್ದರೂ ಕೆಲಸ ಮಾಡುವುದಿಲ್ಲ. ಮುದುಡಿಕೊಂಡು ಮೂಲೆಯಲ್ಲಿ ಇರುತ್ತವೆ. ಮುಂದಿನ ಪೀಳಿಗೆಗೂ ದಾಟುವುದಿಲ್ಲ. ಅಮ್ಮನ ಪ್ರತಿ ಒಂದೇ ನಡೆಯುವುದು. ಆ ಪ್ರತಿಯಲ್ಲಿ ಕೆಟ್ಟದ್ದಿದ್ದರೆ ಮುಚ್ಚುವವರಿಲ್ಲ, ಆ ಗಂಡು ಅಲ್ಲಿಗೇ ಮುಗಿಯುತ್ತದೆ. ಹೀಗೆ ಪ್ರತಿ ಪೀಳಿಗೆಯಲ್ಲೂ ಕೆಟ್ಟ ಗುಣ ಸೋಸಿ ಹೋಗುತ್ತಾ ಬಂದಿದೆ. ಎಷ್ಟೋ ಕಾಲದಿಂದ ಸೋಸಿ ಉಳಿದ ಹುಳ ಇದು. ಅಣ್ಣ ತಂಗಿ ಕೂಡಿದರೂ ಮುಂದಿನ ಮರಿ ಗಟ್ಟಿಯಾಗಿಯೇ ಹುಟ್ಟುತ್ತದೆ.

ಇನ್ನೊಂದು ವಿಷಯ. ಒಂದು ಗಂಡಿಗೆ ಸುಮಾರು ಹತ್ತು ಹೆಣ್ಣು ಹುಟ್ಟುತ್ತವೆ. ಬ್ರಿಟನ್ನಿನ ವಿಜ್ಞಾನಿ ಡಬ್ಲ್ಯು. ಡಿ. ಹ್ಯಾಮಿಲ್ಟನ್ 1967ರಲ್ಲಿ ಇಂಥ ಕೀಟಗಳ ಲೆಕ್ಕ ಬಿಡಿಸಿ ತೋರಿಸಿದರು. ಒಂದು ಕಾಯಲ್ಲಿ ಒಬ್ಬಳೇ ತಾಯಿ. ಹೊರಗಿನ ಹೆಣ್ಣು ಸಿಗುವುದಿಲ್ಲ. ಗಂಡುಮಕ್ಕಳು ಜಾಸ್ತಿಯಾದರೆ ಅದೇ ತಂಗಿಯರಿಗಾಗಿ ತಮ್ಮತಮ್ಮಲ್ಲೇ ಪೈಪೋಟಿ. ತಾಯಿಗೆ ಅದರಿಂದ ಲಾಭ ಇಲ್ಲ. ಎಲ್ಲಾ ಹೆಣ್ಣುಮಕ್ಕಳಿಗೆ ಸಾಲುವಷ್ಟು ಒಂದೆರಡು ಗಂಡು ಹುಟ್ಟಿಸಿ, ಉಳಿದ ಶಕ್ತಿಯನ್ನೆಲ್ಲ ಹಾರಿ ಹೋಗಿ ಹೊಸ ಕಾಯಿ ಹಿಡಿಯುವ ಹೆಣ್ಣಿಗೆ ಹಾಕಿದರೆ ವಂಶ ಬೇಗ ಬೆಳೆಯುತ್ತದೆ.

ತೋಟದಲ್ಲಿ ನೆರಳಿಗೆ ಬಿಟ್ಟ ಅತ್ತಿ ಮರದಲ್ಲೂ ಇದೇ ಕಥೆ ನಡೆಯುತ್ತದೆ. ಅತ್ತಿ ಹಣ್ಣು ಒಡೆದರೆ ಹುಳ ಅಂತ ಬಿಸಾಡುತ್ತೇವಲ್ಲ, ಅವು ಪುಟ್ಟ ಕಣಜಗಳು. ಅದರಲ್ಲಿ ಗಂಡಿಗೆ ರೆಕ್ಕೆ ಇಲ್ಲ. ಹಣ್ಣಿನೊಳಗೇ ಹೆಣ್ಣಿನ ಜೊತೆ ಕೂಡಿ, ಅವು ಹೊರಗೆ ಹೋಗಲು ಗೋಡೆಯಲ್ಲಿ ದಾರಿ ಕೊರೆದು ಕೊಟ್ಟು ಸಾಯುತ್ತದೆ. ಒಂದೇ ತಾಯಿ ಹೊಕ್ಕ ಹಣ್ಣಾದರೆ ಅಲ್ಲೂ ಅಣ್ಣ ತಂಗಿಯರೇ. ಎರಡು ಮೂರು ತಾಯಂದಿರು ಹೊಕ್ಕರೆ ಗಂಡಿನ ಪ್ರಮಾಣ ಜಾಸ್ತಿಯಾಗುತ್ತದೆ. ಹ್ಯಾಮಿಲ್ಟನ್ ಲೆಕ್ಕ ಅಲ್ಲಿ ಚೆನ್ನಾಗಿ ಕಾಣುತ್ತದೆ. ಅತ್ತಿ ಕಣಜ ಮರಕ್ಕೆ ಉಪಕಾರಿ, ಅದಿಲ್ಲದೆ ಅತ್ತಿಗೆ ಬೀಜ ಇಲ್ಲ. ನಮ್ಮ ಬೋರರ್‌ನಿಂದ ಮಾತ್ರ ಯಾರಿಗೂ ಉಪಕಾರ ಇಲ್ಲ.

ಈಗ ಟ್ರ್ಯಾಪಿಗೆ ಬರೋಣ.

ಬಾಟಲಿಯಲ್ಲಿ ಇರುವುದು ಫೆರೋಮೋನ್ ಅಲ್ಲ. ಎಥನಾಲ್ ಮತ್ತು ಮೆಥನಾಲ್ ಬೆರೆಸಿದ ದ್ರವ. ಕಾಯಿ ಹುಡುಕಿ ಹೊರಟ ಹೆಣ್ಣನ್ನು ಈ ವಾಸನೆ ಎಳೆಯುತ್ತದೆ. ಅಂದರೆ ನಾವು ಗಂಡಿನ ಆಸೆ ತೋರಿಸಿ ಕರೆಯುತ್ತಿಲ್ಲ, ಊಟ ಮತ್ತು ಮನೆಯ ಆಸೆ ತೋರಿಸಿ ಕರೆಯುತ್ತಿದ್ದೇವೆ. ಗಂಡಿನ ವಾಸನೆಗೆ ಅದು ಯಾಕೆ ಬರಬೇಕು? ಮದುವೆ ಮುಗಿಸಿಯೇ ಹೊರಟಿರುತ್ತದೆ.

ಬಿಳಿ ಕಾಂಡ ಕೊರಕ, ಅಂದರೆ ಕಾಫಿ ಗಿಡದ ಕಾಂಡ ಕೊರೆಯುವ ಇನ್ನೊಂದು ದುಂಬಿ, ಅದರ ಟ್ರ್ಯಾಪ್ ಬೇರೆ. ಅರೇಬಿಕಾದವರಿಗೆ ಅದರ ಕಾಟ ಹೇಳಬೇಕಾಗಿಲ್ಲ. ಅದರಲ್ಲಿ ಗಂಡು ದುಂಬಿ ವಾಸನೆ ಬಿಡುತ್ತದೆ, ಹೆಣ್ಣು ಆ ವಾಸನೆ ಹಿಡಿದು ಬರುತ್ತದೆ. ಎರಡೂ ಹೊರಗೆ, ಬಿಸಿಲಲ್ಲಿ, ಕಾಂಡದ ಮೇಲೆ ಭೇಟಿಯಾಗುತ್ತವೆ. ಆ ವಾಸನೆಯನ್ನು ತಯಾರಿಸಿ ಟ್ರ್ಯಾಪಲ್ಲಿ ಇಡುತ್ತಾರೆ. ಅದು ನಿಜವಾದ ಫೆರೋಮೋನ್ ಟ್ರ್ಯಾಪ್. ಏಪ್ರಿಲ್ ಮೇ ಹೊತ್ತಿಗೆ, ಮತ್ತೆ ಅಕ್ಟೋಬರ್ ನಂತರ, ದುಂಬಿ ಹಾರುವ ಕಾಲಕ್ಕೆ ಅದನ್ನು ಕಟ್ಟಬೇಕು. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ಮಾತಲ್ಲಿ ಮಾರುತ್ತಾರೆ. ಒಂದರ ಲೂರ್ (ಹುಳವನ್ನು ಸೆಳೆಯುವ ವಾಸನೆಯ ದ್ರವ) ಇನ್ನೊಂದಕ್ಕೆ ಹಾಕಿದರೆ ಪ್ರಯೋಜನ ಇಲ್ಲ. ಬಿಲ್ಲಿನಲ್ಲಿ ಯಾವುದು ಅಂತ ಬರೆಸಿಕೊಳ್ಳಿ.

ಈ ಸಂಸಾರದ ಲೆಕ್ಕದಿಂದ ಟ್ರ್ಯಾಪಿನ ಬಗ್ಗೆ ಎರಡು ಮಾತು ಹೊರಡುತ್ತವೆ. ಒಳ್ಳೆಯ ಮಾತು: ಬಿದ್ದ ಒಂದೊಂದು ಹುಳವೂ ಒಂದು ಕಾಯಿಯ ತುಂಬ ಮರಿ ಮಾಡುವ ತಾಯಿ. ಗಂಡು ಹಿಡಿದರೆ ಇಷ್ಟು ಲಾಭ ಇರುತ್ತಿರಲಿಲ್ಲ. ಕೆಟ್ಟ ಮಾತು: ತಪ್ಪಿಸಿಕೊಂಡ ಒಂದೇ ಹೆಣ್ಣು ಸಾಕು. ಅದಕ್ಕೆ ಜೊತೆ ಹುಡುಕುವ ಕಷ್ಟ ಇಲ್ಲ. ಬೇರೆ ಕೀಟಗಳಾದರೆ ಸಂಖ್ಯೆ ತೀರಾ ಕಡಿಮೆಯಾದಾಗ ಗಂಡು ಹೆಣ್ಣು ಒಂದಕ್ಕೊಂದು ಸಿಗುವುದೇ ಕಷ್ಟ. ಬೋರರ್‌ಗೆ ಆ ಕಷ್ಟವೇ ಇಲ್ಲ. ಒಂದು ಹೆಣ್ಣು ಒಂದು ಕಾಯಿ ಹೊಕ್ಕರೆ ಮೊಟ್ಟೆಯಿಂದ ಹುಳವಾಗಲು ಸುಮಾರು ಒಂದು ತಿಂಗಳು. ಆ ಕಾಯಿಂದ ಮತ್ತಷ್ಟು ತಾಯಂದಿರು ಹೊರಗೆ ಬರುತ್ತವೆ.

ಆಫ್ರಿಕಾದ ಹುಳ ಪ್ರಪಂಚದ ಕಾಫಿ ನಾಡುಗಳನ್ನೆಲ್ಲ ಸುತ್ತಿದ್ದೂ ಹೀಗೆ. ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಆಮೇಲೆ ವಯನಾಡು, ಕೊಡಗು ದಾಟಿ ನಮ್ಮ ಜಿಲ್ಲೆಗೂ ಹಾಸನಕ್ಕೂ ಬಂತು. ಒಂದು ಚೀಲದ ಮೂಲೆಯಲ್ಲಿ ಉಳಿದ ಒಂದು ಕಾಯಿ ಸಾಕು, ಹೊಸ ಊರಲ್ಲಿ ಸಂಸಾರ ಹೂಡುವುದಕ್ಕೆ. ಕೊಯ್ಲಿಗೆ ಬಾಡಿಗೆ ಚೀಲ ತರಿಸುವವರು ಇದನ್ನು ನೆನಪಿಡಬೇಕು. ನಾನು ಹೊರಗಿನ ಚೀಲವನ್ನು ಕೊಡವದೆ, ಬಿಸಿಲಿಗೆ ಹಾಕದೆ ಒಳಗೆ ಬಿಡುವುದಿಲ್ಲ.

ಟ್ರ್ಯಾಪ್ ಯಾವಾಗ ಕೆಲಸ ಮಾಡುತ್ತದೆ? ಗಿಡದ ತುಂಬ ಗಟ್ಟಿ ಕಾಯಿ ಇದ್ದಾಗ ಕಟ್ಟಿದರೆ ಬೀಳುವುದು ಬಹಳ ಕಡಿಮೆ. ನಿಜವಾದ ಕಾಯಿಯೇ ಎದುರಿಗೆ ಇರುವಾಗ ಬಾಟಲಿ ವಾಸನೆಗೆ ಯಾಕೆ ಬರುತ್ತದೆ? ನಾನು ಸೆಪ್ಟೆಂಬರ್‌ನಲ್ಲಿ ಕಟ್ಟಿದಾಗ ಡಬ್ಬಿಯಲ್ಲಿ ಕಂಡಿದ್ದು ಬೆರಳೆಣಿಕೆಯಷ್ಟು. ಕೊಯ್ಲು ಮುಗಿದು, ಗಿಡ ಖಾಲಿಯಾಗಿ, ಮೊದಲ ಮಳೆ ಬಿದ್ದ ಮೇಲೆ ನೋಡಬೇಕು. ಬೇಸಿಗೆಯಲ್ಲಿ ಹೆಣ್ಣುಗಳು ನೆಲದಲ್ಲಿ ಬಿದ್ದ ಒಣ ಕಾಯಿ, ಗಿಡದಲ್ಲಿ ಕಪ್ಪಾಗಿ ಉಳಿದ ಕಾಯಿಯಲ್ಲಿ ಅಡಗಿ ಕೂತಿರುತ್ತವೆ. ಮಳೆ ಬಿದ್ದು ಕಾಯಿ ನೆನೆದ ಕೂಡಲೇ ಗುಂಪಾಗಿ ಹೊರಗೆ ಬರುತ್ತವೆ. ಆಗ ತೋಟದಲ್ಲಿ ಹೂವು, ಮಿಡಿ ಬಿಟ್ಟರೆ ಏನಿಲ್ಲ. ಹೂ ಬಿಟ್ಟು ಸುಮಾರು ನಾಲ್ಕು ತಿಂಗಳಾಗಿ ಬೀಜ ಗಟ್ಟಿಯಾಗುವ ತನಕ ಅವಕ್ಕೆ ಮನೆ ಇಲ್ಲ. ಆ ಸಮಯದಲ್ಲಿ ಟ್ರ್ಯಾಪ್ ಜೋರಾಗಿ ಕೆಲಸ ಮಾಡುತ್ತದೆ. ಹೂಮಳೆ ಆದ ಮೇಲೆ ಕಣದ ಹತ್ತಿರದ ಟ್ರ್ಯಾಪಿನ ಡಬ್ಬಿ ಬಿಚ್ಚಿ ಬಿಳಿ ಬಟ್ಟೆಯಲ್ಲಿ ಸೋಸಿದಾಗ ಬಟ್ಟೆ ಮಧ್ಯದಲ್ಲಿ ಕಪ್ಪಗೆ ಗುಡ್ಡೆ ಬಿತ್ತು. ನಮ್ಮ ಮೇಸ್ತ್ರಿ "ಅಮ್ಮೋರೆ, ಇದು ಕರಿಮೆಣಸಿನ ಪುಡಿನಾ?" ಅಂತ ಕೇಳಿದ. ಎಲ್ಲವೂ ಹೆಣ್ಣು.

ಇಲ್ಲೊಂದು ಎಚ್ಚರಿಕೆ. ಡಬ್ಬಿಯಲ್ಲಿ ಬಿದ್ದಿದ್ದೆಲ್ಲ ಬೆರ್ರಿ ಬೋರರ್ ಅಲ್ಲ. ಎಥನಾಲ್ ವಾಸನೆಗೆ ರೊಬಸ್ಟಾ ರೆಂಬೆ ಕೊರೆಯುವ ಶಾಟ್‌ಹೋಲ್ ಬೋರರ್ ಕೂಡ ಬರುತ್ತದೆ. ಅದೂ ಕರಿ, ಅದೂ ಪುಟ್ಟದು, ಅದರಲ್ಲೂ ಗಂಡು ಹಾರುವುದಿಲ್ಲ, ಅಣ್ಣ ತಂಗಿ ರೆಂಬೆಯೊಳಗೇ ಕೂಡುತ್ತವೆ. ವ್ಯತ್ಯಾಸ ಏನೆಂದರೆ ಅದು ತಾನು ಕೊರೆದ ಸುರಂಗದಲ್ಲಿ ಬೂಸ್ಟು ಬೆಳೆಸಿ ಅದನ್ನು ತಿನ್ನುತ್ತದೆ. ಬೆರ್ರಿ ಬೋರರ್ ಬೀಜವನ್ನೇ ತಿನ್ನುತ್ತದೆ. ಕೆಫೀನ್ ಬೇರೆ ಕೀಟಗಳಿಗೆ ವಿಷ. ಇದರ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾ ಅದನ್ನು ಒಡೆದುಹಾಕುತ್ತವೆ ಅಂತ 2015ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಾಗಾಗಿ ಲೆಕ್ಕ ಹಾಕುವಾಗ ಭೂತಗನ್ನಡಿ ಇಟ್ಟುಕೊಳ್ಳಿ. ಗುರುತು ಸಿಗದಿದ್ದರೆ ಒಂದು ಸೀಸೆಯಲ್ಲಿ ಹಾಕಿ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೋ ಹತ್ತಿರದ ಕಾಫಿ ಮಂಡಳಿ ಕಚೇರಿಗೋ ತೋರಿಸಿ. 1925ರಿಂದ ಇರುವ ಸಂಸ್ಥೆ ಅದು. ನಮ್ಮ ಜಿಲ್ಲೆಯಲ್ಲೇ ಇದೆ, ನಾವೇ ಸರಿಯಾಗಿ ಬಳಸಿಕೊಳ್ಳುವುದಿಲ್ಲ.

ಜೇನಿಗೆ ತೊಂದರೆ ಆಗುತ್ತಾ ಅಂತ ತುಂಬಾ ಜನ ಕೇಳಿದರು. ನನ್ನ ಡಬ್ಬಿಗಳಲ್ಲಿ ಜೇನು ಬಿದ್ದಿದ್ದು ಕಂಡಿಲ್ಲ. ಹೂವಿನ ಕಾಲದಲ್ಲಿ ಔಷಧಿ ಹೊಡೆಯುವುದಕ್ಕಿಂತ ಇದು ಎಷ್ಟೋ ವಾಸಿ. ಔಷಧಿಯ ವಿಷಯದಲ್ಲೂ ಈ ಹುಳದ ಸಂಬಂಧವೇ ನಮಗೆ ತೊಂದರೆ ಕೊಡುತ್ತದೆ. ಔಷಧಿ ತಡೆದುಕೊಳ್ಳುವ ಗುಣ ಒಂದು ಹೆಣ್ಣಿಗೆ ಬಂದರೆ, ಹೊರಗಿನವರ ಜೊತೆ ಕೂಡದ ಕಾರಣ ಆ ಗುಣ ಚೆದುರುವುದಿಲ್ಲ. ಕೆಲವೇ ಪೀಳಿಗೆಯಲ್ಲಿ ಆ ಕುಟುಂಬ ಪೂರ್ತಿ ಗಟ್ಟಿಯಾಗುತ್ತದೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಡೋನಿಯಾ ದ್ವೀಪದಲ್ಲಿ 1980ರ ದಶಕದ ಕೊನೆಗೆ ಬೋರರ್ ಎಂಡೋಸಲ್ಫಾನ್ ಎಂಬ ಕೀಟನಾಶಕಕ್ಕೂ ಬಗ್ಗದ ಹಾಗೆ ಆಗಿದ್ದು ವರದಿಯಾಯಿತು. ನಮ್ಮಲ್ಲೂ ಎಂಡೋಸಲ್ಫಾನ್ ಹೊಡೆಯುತ್ತಿದ್ದ ಕಾಲ ಇತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಮನುಷ್ಯರಿಗೆ ಅದು ಮಾಡಿದ ಹಾನಿ ನೋಡಿದವರು ಯಾರೂ ಅದು ಮತ್ತೆ ಬರಲಿ ಅನ್ನುವುದಿಲ್ಲ.

ಇನ್ನು ಟ್ರ್ಯಾಪಿನ ಗುಣಮಟ್ಟ. ಪ್ಲಾಸ್ಟಿಕ್ ಪರವಾಗಿಲ್ಲ, ನಮ್ಮ ಮಳೆಗಾಲ ತಡೆದಿದೆ. ಆಲಿಕೆಯ ಬಣ್ಣ ಬಿಸಿಲಿಗೆ ಸ್ವಲ್ಪ ಮಾಸಿದೆ. ನೇತುಹಾಕುವ ತಂತಿ ಮಾತ್ರ ಕಳಪೆ, ಬೇಗ ತುಕ್ಕು ಹಿಡಿದು ಮುರಿಯಿತು. ನಾವು ನೈಲಾನ್ ಹಗ್ಗ ಕಟ್ಟಿಕೊಂಡೆವು. ಡಬ್ಬಿಗೆ ನೀರು ಹೊರಗೆ ಹೋಗುವ ಸಣ್ಣ ತೂತು ಕೊಟ್ಟಿಲ್ಲ. ಜೋರು ಮಳೆ ಬಂದರೆ ತುಂಬಿ ಹರಿದು ಹುಳ ಎಲ್ಲಾ ನೆಲಕ್ಕೆ. ಡಬ್ಬಿಯ ಮೇಲಿನ ಅಂಚಿನ ಕೆಳಗೆ ಸೂಜಿ ಕಾಯಿಸಿ ಒಂದೆರಡು ತೂತು ಮಾಡಿಕೊಳ್ಳಿ. ತೂತು ಹುಳಕ್ಕಿಂತ ಚಿಕ್ಕದಿರಲಿ. ನೆಲದಿಂದ ನಾಲ್ಕು ಅಡಿ ಎತ್ತರ ಸಾಕು. ತೀರಾ ಮೇಲೆ ಕಟ್ಟಬೇಡಿ, ಇದು ಎತ್ತರಕ್ಕೆ ಹಾರುವ ಹುಳ ಅಲ್ಲ.

ಲೂರ್ ಬಾಟಲಿ ಬಗ್ಗೆ ನನಗೆ ದೊಡ್ಡ ಆಕ್ಷೇಪ ಇದೆ. ಮುಚ್ಚಳ ಬಿಗಿ ಇಲ್ಲ, ಒಂದು ಬಾಟಲಿ ದಾರಿಯಲ್ಲೇ ಅರ್ಧ ಆರಿತ್ತು. ಅದಕ್ಕಿಂತ ಮುಖ್ಯ, ಮೇಲೆ ಕನ್ನಡದಲ್ಲಿ ಒಂದು ಎಚ್ಚರಿಕೆಯ ಮಾತೂ ಇರಲಿಲ್ಲ. ಒಳಗಿರುವುದು ಮೆಥನಾಲ್ ಬೆರೆತ ಸ್ಪಿರಿಟ್. ವಾಸನೆ ಸಾರಾಯಿಯ ಥರವೇ ಇರುತ್ತದೆ. ಕುಡಿದರೆ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಲೈನ್ ಮನೆಗಳಲ್ಲಿ ಮಕ್ಕಳಿರುತ್ತಾರೆ, ಆಳುಗಳಲ್ಲಿ ಕುಡಿಯುವವರಿರುತ್ತಾರೆ. ನಾನು ಪ್ರತಿ ಬಾಟಲಿಗೂ "ವಿಷ" ಅಂತ ಚೀಟಿ ಅಂಟಿಸಿ, ಕೆಲಸಕ್ಕೆ ಬಂದ ಎಲ್ಲರನ್ನೂ ಕರೆದು ಹೇಳಿದೆ. ಉಳಿದ ಬಾಟಲಿಗಳನ್ನು ಬೀಗ ಹಾಕಿದ ಕಪಾಟಿನಲ್ಲಿ ಇಟ್ಟಿದ್ದೇನೆ. ತಯಾರಿಸುವವರು ಇದನ್ನು ಓದಿದರೆ ದಯವಿಟ್ಟು ಕನ್ನಡದಲ್ಲಿ ದೊಡ್ಡದಾಗಿ ಅಚ್ಚು ಹಾಕಿಸಿ. ಖರ್ಚು ಏನೂ ಆಗುವುದಿಲ್ಲ.

ಟ್ರ್ಯಾಪ್ ಒಂದರಿಂದಲೇ ಬೋರರ್ ಹತೋಟಿ ಆಗುತ್ತಾ? ಇಲ್ಲ. ಹಾರುವ ಹೆಣ್ಣನ್ನು ಹಿಡಿಯುವುದಕ್ಕಿಂತ ಅದು ಹುಟ್ಟುವ ಮನೆಯನ್ನೇ ತೆಗೆಯುವುದು ದೊಡ್ಡ ಕೆಲಸ. ಕೂಡಿಕೆ, ಮೊಟ್ಟೆ, ಮರಿ ಎಲ್ಲಾ ಕಾಯಿಯೊಳಗೇ ನಡೆಯುವುದರಿಂದ ಕಾಯಿ ಹೋದರೆ ಮೂರು ನಾಲ್ಕು ತಲೆಮಾರು ಒಟ್ಟಿಗೆ ಹೋದ ಹಾಗೆ. ಕೊಯ್ಲಿನಲ್ಲಿ ಗಿಡದ ಕೆಳಗೆ ಮ್ಯಾಟ್ ಹಾಸಿ. ಕೊನೆಯ ಕೊಯ್ಲು ಆದ ಮೇಲೆ ಹಕ್ಕಲು, ಅಂದರೆ ಉಳಿದುಬಿದ್ದ ಕಾಯಿ, ಆರಿಸಿ, ಗಿಡದಲ್ಲೂ ನೆಲದಲ್ಲೂ. ಆಳಿಗೆ ಈ ಕೆಲಸ ಬೇಜಾರು. ಆರಿಸಿದ ಕಾಯಿಗೆ ಕೆಜಿ ಲೆಕ್ಕದಲ್ಲಿ ಬೇರೆ ದುಡ್ಡು ಕೊಟ್ಟ ಮೇಲೆ ನಮ್ಮಲ್ಲಿ ಚೆನ್ನಾಗಿ ನಡೆಯಿತು. ತೂತು ಬಿದ್ದ ಕಾಯಿಯನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದು ಒಣಗಿಸಿ. ಕಣದಲ್ಲಿ ಅರೆಬರೆ ಒಣಗಿಸಿ ಚೀಲ ಕಟ್ಟಿದರೆ ಗೋದಾಮಿನಲ್ಲೂ ಸಂಸಾರ ಮುಂದುವರಿಯುತ್ತದೆ. ಅರೇಬಿಕಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಯಿ) 12, ರೊಬಸ್ಟಾ ಚೆರ್ರಿ 11, ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ) 10 ಪರ್ಸೆಂಟ್ ತೇವಕ್ಕೆ ಇಳಿಯಬೇಕು.

ಮಳೆಗಾಲದಲ್ಲಿ ಹುಳವನ್ನು ಕೊಲ್ಲುವ ಬಿವೇರಿಯಾ ಶಿಲೀಂಧ್ರ ಸಿಂಪಡಿಸಿದರೂ ಅನುಕೂಲ. ಕಾಯಿಯ ತೂತಿನ ಬಾಯಲ್ಲಿ ಬೆಳ್ಳನೆ ಬೂಸ್ಟು ಕಂಡರೆ ತಾಯಿ ಹುಳ ಒಳಗೆ ಹೋಗುವ ಮೊದಲೇ ಸತ್ತಿದೆ ಅಂತ ಖುಷಿಪಡಿ. ಬೋರರ್ ಮರಿಗಳ ಮೇಲೆ ಮೊಟ್ಟೆ ಇಡುವ ಆಫ್ರಿಕಾ ಮೂಲದ ಪುಟ್ಟ ಕಣಜವನ್ನೂ ನಮ್ಮ ದೇಶಕ್ಕೆ ತರಿಸಿ ಬಿಟ್ಟಿದ್ದಾರೆ. ಅದರಲ್ಲೂ ಹೆಣ್ಣೇ ಜಾಸ್ತಿ.

ಹಾಗಾದರೆ ಟ್ರ್ಯಾಪ್ ಯಾಕೆ ಬೇಕು? ನನಗೆ ಅದರ ದೊಡ್ಡ ಪ್ರಯೋಜನ ಆಗಿದ್ದು ತೋಟದ ಯಾವ ಭಾಗದಲ್ಲಿ ಬೋರರ್ ಅಡಗಿದೆ ಅಂತ ತಿಳಿಯುವುದಕ್ಕೆ. ಗಂಡು ಹಾರುವುದಿಲ್ಲ, ಹೆಣ್ಣು ಹತ್ತಿರದಲ್ಲೇ ಕಾಯಿ ಸಿಕ್ಕರೆ ದೂರ ಹೋಗುವುದಿಲ್ಲ. ಹಾಗಾಗಿ ಬೋರರ್ ತೋಟದಲ್ಲಿ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗುಂಪಾಗಿರುತ್ತದೆ. ಪ್ರತಿ ಟ್ರ್ಯಾಪಿಗೂ ನಂಬರ್ ಬರೆದು, ಸೋಸಿದ ಹುಳವನ್ನು ಚಮಚದಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಟ್ಟೆ. ಕಣದ ಪಕ್ಕ, ಹಳ್ಳದ ಅಂಚಿನ ಹಳೇ ರೊಬಸ್ಟಾ, ಬೇಲಿಯಾಚೆ ಕೊಯ್ಲು ಮಾಡದೆ ಬಿಟ್ಟ ತೋಟದ ಬದಿ, ಈ ಮೂರು ಕಡೆ ಬಿದ್ದಷ್ಟು ಬೇರೆಲ್ಲೂ ಬೀಳಲಿಲ್ಲ. ಹಕ್ಕಲು ಆರಿಸುವ ಆಳನ್ನು ಮೊದಲು ಅಲ್ಲಿಗೇ ಕಳಿಸಿದೆ. ಆಳು ಸಿಗುವುದೇ ಕಷ್ಟ ಇರುವಾಗ ಈ ಒಂದು ಮಾಹಿತಿಗೇ ಟ್ರ್ಯಾಪಿನ ದುಡ್ಡು ಹುಟ್ಟಿತು. ಬೇಲಿಯಾಚೆಯ ತೋಟದವರ ಜೊತೆ ಮಾತಾಡಿದ್ದೇನೆ. ಅವರು ಬೆಂಗಳೂರಿನಲ್ಲಿ ಇರುತ್ತಾರೆ. ಉಳಿದ ಕಾಯಿ ನಾವೇ ಕೊಯ್ದುಕೊಳ್ಳಲು ಒಪ್ಪಿದ್ದಾರೆ.

ಐದಕ್ಕೆ ಮೂರೂವರೆ ಕೊಡುತ್ತೇನೆ. ತಂತಿಗೆ ಅರ್ಧ, ಎಚ್ಚರಿಕೆ ಇಲ್ಲದ ಲೂರ್ ಬಾಟಲಿಗೆ ಒಂದು ಕಳೆದಿದ್ದೇನೆ. ಅಂಗಡಿಯವರ ತಪ್ಪು ಮಾಹಿತಿಯನ್ನು ಟ್ರ್ಯಾಪಿನ ಲೆಕ್ಕಕ್ಕೆ ಹಾಕಿಲ್ಲ. ಸಣ್ಣ ತೋಟದವರು ಮೊದಲಿಗೆ ಸ್ವಲ್ಪವೇ ತಗೊಂಡು ಕಣದ ಸುತ್ತ ಕಟ್ಟಿ ನೋಡಿ. ದುಡ್ಡು ಕಡಿಮೆ ಇದ್ದರೆ ಮೊದಲು ಮ್ಯಾಟ್ ತಗೊಳ್ಳಿ, ಆಮೇಲೆ ಟ್ರ್ಯಾಪ್. ಲೂರ್ ಬಾಟಲಿ ಬಿಡಿಯಾಗಿಯೂ ಸಿಗುತ್ತದೆ. ಎರಡನೇ ವರ್ಷಕ್ಕೆ ಪೂರ್ತಿ ಸೆಟ್ ತಗೊಳ್ಳಿ ಅಂತ ಅಂಗಡಿಯವರು ಒತ್ತಾಯ ಮಾಡಿದರೆ ಬೇಡ ಅನ್ನಿ. ಆಲಿಕೆ ಡಬ್ಬಿ ತೊಳೆದಿಟ್ಟುಕೊಂಡರೆ ಮತ್ತೆ ಬಳಸಬಹುದು. ಫೆಬ್ರವರಿ ಮುಗಿಯುವುದರೊಳಗೆ ಲೂರ್ ತರಿಸಿಟ್ಟುಕೊಳ್ಳಿ. ಹೂಮಳೆ ಬಿದ್ದ ಮೇಲೆ ಪೇಟೆಗೆ ಹೋದರೆ ಸ್ಟಾಕ್ ಇಲ್ಲ ಅಂತಾರೆ.